ತಮ್ಮನ ಹೆಸರಲ್ಲಿ

ಎಡಗೆನ್ನೆಯ ಗಡ್ಡ ಹೆರೆದು ಮುಗಿಸಿ ಗದ್ದದ ಕಡೆಗೆ ಬರುವಾಗ ಕ್ಷೌರದ ಕತ್ತಿ ಜಾರಿತು. ಹೆಣದ ದವಡೆಯ ಮೇಲೆ ಸಣ್ಣದೊಂದು ಗೀರು ಬಿತ್ತು. ನಿಕಾಸಿಯೊ ರೂಢಿಯಂತೆ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದ. ರಕ್ತ ಬರುವುದಿಲ್ಲ ಎಂದು ಹೊಳೆದ ಮೇಲೂ ಬೆರಳು ತೆಗೆಯಲಿಲ್ಲ.

"ಅವನಿಗೇನು ನೋಯುತ್ತಾ? ಬೇಗ ಮುಗಿಸು," ಎಂದಳು ನೀರಿನ ಬೋಗುಣಿ ಹಿಡಿದು ನಿಂತಿದ್ದ ಪಕ್ಕದ ಮನೆಯ ಮಿರೀತಾ. "ಹನ್ನೊಂದಕ್ಕೆ ಪಾದ್ರಿ ಬರ್ತಾರೆ. ಈ ಬಿಸಿಲಲ್ಲಿ ಸಂಜೆವರೆಗೂ ಇಟ್ಕೊಳ್ಳೋಕಾಗಲ್ಲ."

ನಿಕಾಸಿಯೊ ಉಳಿದ ಗಡ್ಡವನ್ನೂ ಹೆರೆದ. ಮೂತ್ರಪಿಂಡ ಕೆಟ್ಟು ಆರು ತಿಂಗಳು ನರಳಿದ ಅಣ್ಣನ ಮುಖ ಊದಿಕೊಂಡು, ಎಲ್ಲೋ ನೋಡಿದ ಅಪರಿಚಿತನಂತೆ ಕಾಣುತ್ತಿತ್ತು. ಬಲಗೈ ಮಣಿಕಟ್ಟಿನಲ್ಲಿ ಆಸ್ಪತ್ರೆಯವರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಹಾಗೇ ಇತ್ತು. ಅದರಲ್ಲಿ 'ನಿಕಾಸಿಯೊ ಸೆವೆರೀನೊ, 46 ವರ್ಷ' ಎಂದು ಬರೆದಿತ್ತು.

ಸತ್ತವನು ಎವಾರಿಸ್ತೊ. ವಯಸ್ಸು ನಲವತ್ತೊಂಬತ್ತು. ಕಾಗದದಲ್ಲಿ ಮಾತ್ರ ಇಪ್ಪತ್ತೊಂಬತ್ತು ವರ್ಷದಿಂದ ಅಣ್ಣ ತಮ್ಮನಾಗಿದ್ದ, ತಮ್ಮ ಅಣ್ಣನಾಗಿದ್ದ. ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಹಿಂದಿನ ಆ ಓಣಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಹೊರಗಿನವರಿಗೆ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಅದನ್ನ ಕತ್ತರಿಸಿ ಬಿಸಾಕು," ಎಂದಳು ಮಿರೀತಾ. "ಬದುಕಿರೋನ ಹೆಸರು ಹೆಣದ ಕೈಲಿರಬಾರದು."

"ಇನ್ನೇನು ಬಾಕಿ ಇದೆ ಮಿರೀತಾ? ಬೆಳಿಗ್ಗೇನೇ ಕಚೇರಿಗೆ ಹೋಗಿ ಸಹಿ ಹಾಕಿ ಬಂದಿದೀನಿ. ನಿಕಾಸಿಯೊ ಸತ್ತ ಅಂತ ಎವಾರಿಸ್ತೊ ಸಾಕ್ಷಿ ಹೇಳಿದಾನೆ."

ಅಂಗಳದಲ್ಲಿ ಬಾಡಿಗೆಗೆ ತಂದ ಕುರ್ಚಿಗಳ ಮೇಲೆ ಓಣಿಯ ಗಂಡಸರು ಕೂತು ಶುಂಠಿ ಕಷಾಯ ಕುಡಿಯುತ್ತಿದ್ದರು. ಬಿಳಿ ಅಂಗಿ ತೊಟ್ಟು ಹೊರಬಂದ ನಿಕಾಸಿಯೊನನ್ನು ಕಂಡು ಒಬ್ಬ, "ಬಾಪ್ಪಾ, ನಾಳೆಯಿಂದ ನೀನು ಸರ್ಕಾರದ ಲೆಕ್ಕದಲ್ಲಿ ಸತ್ತೋನು. ಓಟು ಹಾಕೋಕೆ ಬರ್ಬೇಡ," ಎಂದ.

"ಈ ದೇಶದಲ್ಲಿ ಸತ್ತೋರೇ ಕಣೋ ಮೊದಲು ಓಟು ಹಾಕೋದು," ಎಂದ ಇನ್ನೊಬ್ಬ. ನಾಲ್ಕು ಜನ ನಕ್ಕರು. ಒಳಗಿಂದ ತಾಯಿ ಎರ್ಸೀಲಿಯಾಳ ಅಳು ಕೇಳಿಸಿ ನಗು ಅಲ್ಲೇ ನಿಂತಿತು.

*

ಆ ವರ್ಷ ನಿಕಾಸಿಯೊಗೆ ಹದಿನೇಳು, ಎವಾರಿಸ್ತೊಗೆ ಇಪ್ಪತ್ತು. ಕ್ರಿಸ್ಪೀನ್ ಎಂಬ ಹುಡುಗರ ದಲ್ಲಾಳಿ ಕಬ್ಬಿನ ಗದ್ದೆಯಾಚೆಯ ಮೈದಾನಕ್ಕೆ ಬಂದಿದ್ದ. ಬೇಸ್‌ಬಾಲ್ ಆಡುವ ಹುಡುಗರನ್ನು ಆರಿಸಿ, ತಿದ್ದಿ, ಅಮೆರಿಕದ ತಂಡಗಳ ಮುಂದೆ ನಿಲ್ಲಿಸುವುದು ಅವನ ಕಸುಬು. ದನದ ಸಂತೆಯಲ್ಲಿ ಹಲ್ಲು ಎಣಿಸುವವರ ಹಾಗೆ ಅವನು ಹುಡುಗರ ಮಣಿಕಟ್ಟು ಹಿಡಿದು ನೋಡುತ್ತಿದ್ದ. ಪಾದ ಎಷ್ಟುದ್ದ, ಭುಜ ಎಷ್ಟಗಲ, ಅಪ್ಪ ಎಷ್ಟೆತ್ತರ ಎಂದು ವಿಚಾರಿಸುತ್ತಿದ್ದ. ಕೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ ಹಿಡಿದು ಅರವತ್ತು ಗಜ ಓಡಿಸುತ್ತಿದ್ದ.

ನಿಕಾಸಿಯೊ ಓಡಿ ಬಂದು ನಿಂತಾಗ ಕ್ರಿಸ್ಪೀನ್ ಗಡಿಯಾರವನ್ನು ಕಿವಿಗಿಟ್ಟುಕೊಂಡು ಕೇಳಿದ. ಕೆಟ್ಟಿದೆಯೇನೋ ಎಂದು ಅಲ್ಲಾಡಿಸಿ, ಮತ್ತೊಮ್ಮೆ ಓಡಿಸಿದ. ನಂತರ ಎವಾರಿಸ್ತೊ ಚೆಂಡೆಸೆದ. ಕಬ್ಬು ಕಡಿದು ಗಟ್ಟಿಯಾದ ತೋಳು ಅವನದು. ಚೆಂಡು ಹಿಡಿದವನು ಕೈ ಕೊಡವಿಕೊಂಡ.

ಮಧ್ಯಾಹ್ನ ಕ್ರಿಸ್ಪೀನ್ ಮನೆಗೆ ಬಂದು ಎರ್ಸೀಲಿಯಾಳ ಜೊತೆ ಬಹಳ ಹೊತ್ತು ಮಾತಾಡಿದ. ಹೊರಗೆ ಬಂದಾಗ ಅವನ ಕೈ ಎವಾರಿಸ್ತೊನ ಹೆಗಲ ಮೇಲಿತ್ತು.

"ಇಪ್ಪತ್ತು ವರ್ಷದೋನನ್ನ ಯಾರೂ ಮುಟ್ಟಲ್ಲ. ಹದಿನೇಳು ಅಂದ್ರೆ ಚಿನ್ನ," ಎಂದ ನಿಕಾಸಿಯೊನ ಕಡೆ ತಿರುಗಿ. "ಮನೇಲಿ ಹದಿನೇಳರ ಜನನಪತ್ರ ಒಂದಿದೆಯಲ್ಲ, ಅದನ್ನ ಕೊಡು. ಎರಡು ವರ್ಷ ಅಷ್ಟೆ, ಆಮೇಲೆ ವಾಪಸ್ ಕೊಡ್ತಾನೆ."

ನಿಕಾಸಿಯೊ ತಾಯಿಯ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿದಳು.

ಮಾರನೆಯ ದಿನದಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅಮೆರಿಕದವರು ಓಣಿಗೆ ಬಂದು ವಿಚಾರಿಸುತ್ತಾರೆ, ಬಾಯಿ ತಪ್ಪಬಾರದು. ತಾಯಿ, "ನಿಕಾಸಿಯೊ, ಊಟಕ್ಕೆ ಬಾ," ಎಂದು ಕರೆದರೆ ಎವಾರಿಸ್ತೊ ಏಳಬೇಕು. ಮೂರನೆಯ ದಿನವೂ ಇಬ್ಬರೂ ಒಟ್ಟಿಗೆ ಎದ್ದರು. ಎರ್ಸೀಲಿಯಾ ಬಂದು ಚಿಕ್ಕವನ ಕೆನ್ನೆಗೆ ಬಾರಿಸಿದಳು.

"ನಿನ್ನನ್ನಲ್ಲ ಕರೆದಿದ್ದು!"

ಆಮೇಲೆ ಅವನು ಏಳಲಿಲ್ಲ.

ಒಪ್ಪಂದದ ದಿನ ತಂಡದ ಟೋಪಿ ಹಾಕಿಕೊಂಡು ಎವಾರಿಸ್ತೊ ನಿಕಾಸಿಯೊ ಎಂದು ಸಹಿ ಮಾಡಿದ. ತಂಡ ಕೊಟ್ಟ ಹಣದಲ್ಲಿ ಕ್ರಿಸ್ಪೀನ್ ತನ್ನ ಪಾಲು ತೆಗೆದುಕೊಂಡ. ಉಳಿದದ್ದರಲ್ಲಿ ಹಲಗೆಯ ಮನೆ ಹೋಗಿ ಸಿಮೆಂಟಿನ ಮನೆ ಬಂತು. ವರ್ಷ ಕಳೆದು ನಿಕಾಸಿಯೊ ಇನ್ನೊಬ್ಬ ದಲ್ಲಾಳಿಯ ಮೈದಾನಕ್ಕೆ ಹೋಗಿ ಓಡಿ ತೋರಿಸಿದ. ಆ ಮನುಷ್ಯ ಕಣ್ಣರಳಿಸಿ ಕಾಗದ ಕೇಳಿದ. ಅಣ್ಣನ ಜನನಪತ್ರ ನೋಡಿ ನಕ್ಕ.

"ಇಪ್ಪತ್ತೊಂದಾ? ಯಾಕೆ ಬಂದೆ ತಾತ? ಮನೆಗೆ ಹೋಗಿ ಮೊಮ್ಮಕ್ಕಳನ್ನ ಆಡಿಸ್ಕೋ."

ಸುತ್ತ ನಿಂತ ಹುಡುಗರೆಲ್ಲ 'ತಾತ, ತಾತ' ಎಂದು ಕೂಗಿದರು. ಅವನು ಗಾರೆ ಕೆಲಸಕ್ಕೆ ಸೇರಿದ.

*

ಹತ್ತೂವರೆಗೆ ಕ್ರಿಸ್ಪೀನ್ ಬಂದ. ಎಂಬತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ನೆರಳಿನಂತೆ ಕಾಣುತ್ತಿದ್ದರು. ಕೋಲೂರಿಕೊಂಡು ಶವಪೆಟ್ಟಿಗೆಯವರೆಗೆ ಹೋಗಿ, ಗಾಜಿನ ಮೇಲೆ ಅಂಗೈಯಿಟ್ಟು ಹೊರಗೆ ಬಂದು, ತಡವರಿಸುತ್ತ ನಿಕಾಸಿಯೊನ ಪಕ್ಕದ ಕುರ್ಚಿ ಹಿಡಿದು ಕೂತ. ಯಾರೂ ಅವನನ್ನು ಮಾತಾಡಿಸಲಿಲ್ಲ. ಕೈಗೆ ಶಕ್ತಿ ಬರಲಿ ಎಂದು ಅವನು ಎವಾರಿಸ್ತೊಗೆ ಚುಚ್ಚಿಸುತ್ತಿದ್ದ ದನದ ಮದ್ದೇ ಮೂತ್ರಪಿಂಡ ತಿಂದಿತು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

"ಪಕ್ಕದಲ್ಲಿ ಯಾರಪ್ಪ?" ಎಂದ ಮುದುಕ.

"ತಮ್ಮ."

"ಚಿಕ್ಕವನಾ!" ಅವನ ಕೈ ತಡಕಾಡಿ ನಿಕಾಸಿಯೊನ ಮೊಣಕಾಲು ಹಿಡಿಯಿತು. "ಅರವತ್ತು ಗಜ, ಆರು ಪಾಯಿಂಟ್ ನಾಲ್ಕು ಸೆಕೆಂಡು. ಎರಡು ಸಲ ಓಡಿಸಿದ್ದೆ ನಿನ್ನ. ನಲವತ್ತು ವರ್ಷದಲ್ಲಿ ಅಂಥ ಕಾಲು ಇನ್ನೊಂದು ನೋಡಲಿಲ್ಲ ಕಣೋ."

"ಮತ್ಯಾಕೆ ಅವನನ್ನ ಕರ್ಕೊಂಡು ಹೋದಿರಿ?"

"ನಾನಾ?" ಮುದುಕ ಶಬ್ದ ಬಂದ ಕಡೆಗೆ ಮುಖ ತಿರುಗಿಸಿದ. "ನಾನು ಮನೆಗೆ ಬಂದಿದ್ದೇ ನಿನಗೋಸ್ಕರ. ನೀನಾಗಿದ್ರೆ ಕಾಗದದ ತಂಟೆಯೇ ಇರ್ಲಿಲ್ಲ, ಸರಿಯಾಗಿ ಹದಿನೇಳು. ನಿಮ್ಮಮ್ಮ ಬಿಡಲಿಲ್ಲ. ಚಿಕ್ಕವನನ್ನ ಕೇಳ್ಬೇಡ, ಬೇಕಾದ್ರೆ ದೊಡ್ಡವನನ್ನ ಕರ್ಕೊಂಡು ಹೋಗು ಅಂದಳು. ಅವನ ತೋಳೂ ಚೆನ್ನಾಗೇ ಇತ್ತು, ವಯಸ್ಸೊಂದು ಅಡ್ಡ. ಅದಕ್ಕೆ ನಾನೇ ದಾರಿ ಹೇಳಿದೆ. ಅದು ನನ್ನ ಪಾಪ. ಉಳಿದದ್ದು ನನ್ನದಲ್ಲ."

ನಿಕಾಸಿಯೊ ಅವನ ಕೈಯನ್ನು ಮೊಣಕಾಲಿನಿಂದ ಎತ್ತಿ ಅವನ ಮಡಿಲಿನಲ್ಲೇ ಇಟ್ಟು ಎದ್ದ.

*

ಎವಾರಿಸ್ತೊ ಎರಡೇ ವರ್ಷಕ್ಕೆ ವಾಪಸಾಗಿದ್ದ. ಅಮೆರಿಕದ ಯಾವುದೋ ಚಳಿಯ ಊರಿನಲ್ಲಿ ಒಂದು ಬೆಳಿಗ್ಗೆ ಚೆಂಡು ಎಸೆಯುವಾಗ ಮೊಣಕೈ ಒಳಗೆ ಏನೋ ಪಟ್ಟನೆ ಹರಿದಿತ್ತು. ಓಣಿಯ ಬಾಯಲ್ಲಿ ಚೀಲ ಇಳಿಸಿ ನಿಂತವನು, ಗಾರೆ ಮೆತ್ತಿದ ಕೈಯಲ್ಲಿ ಎದುರು ಬಂದ ತಮ್ಮನಿಗೆ ಹೇಳಿದ್ದು ಒಂದೇ ಮಾತು.

"ನಿನ್ನ ಹೆಸರು ಉಳಿಸೋಕಾಗ್ಲಿಲ್ಲ ಕಣೋ."

"ಹಾಗಾದ್ರೆ ವಾಪಸ್ ಕೊಡು."

ಕೊಡಲಾಗಲಿಲ್ಲ. ಪಾಸ್‌ಪೋರ್ಟಿನಲ್ಲಿ, ಬೆರಳಚ್ಚಿನಲ್ಲಿ ಅವನೇ ನಿಕಾಸಿಯೊ ಆಗಿದ್ದ. ನಿಜ ಹೇಳಿದರೆ ಇಬ್ಬರೂ ಜೈಲಿಗೆ ಹೋಗುತ್ತೀರಿ ಎಂದು ಕ್ರಿಸ್ಪೀನ್ ಹೆದರಿಸಿದ. ಇನ್ನೊಂದು ತಂಡ ಕರೆಯಬಹುದು ಎಂದು ಎವಾರಿಸ್ತೊ ಹತ್ತು ವರ್ಷ ಕಾದ. ಆಮೇಲೆ ಬಾಡಿಗೆ ಮೋಟಾರ್‌ಸೈಕಲ್ ಓಡಿಸಿದ. ಸಂಜೆ ಕ್ರಿಸ್ಪೀನನ ಮೈದಾನಕ್ಕೆ ಹೋಗಿ, ಆ ಕೆಟ್ಟ ಕೈಯಲ್ಲೇ ಹೊಸ ಹುಡುಗರಿಗೆ ಮುನ್ನೂರು ಚೆಂಡು ಎಸೆದು ಬರುತ್ತಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಹುಟ್ಟೋ ಮಗುಗೆ ಅಪ್ಪನ ಹೆಸರು ಅಂತ ಏನು ಹೇಳ್ಲಿ?" ಎಂದಿದ್ದನಂತೆ.

ನಿಕಾಸಿಯೊ ಅವನೊಂದಿಗೆ ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ನನ್ನ ಹೆಸರು ಕದ್ದವನು, ಅದನ್ನು ಹಾಳೂ ಮಾಡಿದವನು ಎಂಬುದು ಗಂಟಲಿನ ಮುಳ್ಳಾಗಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಅಣ್ಣ ಏನೋ ಹೇಳಹೊರಟಾಗ, "ಮಲಕ್ಕೋ, ಆಯಾಸ ಮಾಡ್ಕೋಬೇಡ," ಎಂದು ಎದ್ದು ಹೋಗಿದ್ದ.

*

ಒಳಗೆ ಶವಪೆಟ್ಟಿಗೆಯ ಪಕ್ಕ ಎರ್ಸೀಲಿಯಾ ಒಬ್ಬಳೇ ಇದ್ದಳು. ನಿಕಾಸಿಯೊ ಬಾಗಿಲು ಎಳೆದುಕೊಂಡ.

"ಕ್ರಿಸ್ಪೀನ್ ಹೇಳಿದ್ದು ನಿಜಾನಾ?"

ಏನು ಹೇಳಿದ ಎಂದು ಅವಳು ಕೇಳಲಿಲ್ಲ. ಉದ್ದನೆಯ ಕರಿಯ ಶಾಲನ್ನು ಮಂಡಿಯ ಮೇಲೆ ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

"ನಿಮ್ಮಪ್ಪ ಕೆಲಸ ಹುಡುಕಿ ಪೋರ್ತೊರೀಕೊ ದ್ವೀಪಕ್ಕೆ ಅಂತ ಕಳ್ಳದೋಣಿ ಹತ್ತಿ ಹೋದ. ಹೆಣಾನೂ ಸಿಗಲಿಲ್ಲ," ಎಂದಳು ಕೊನೆಗೆ. "ಸಮುದ್ರ ದಾಟಿದೋರು ಬರಲ್ಲ ಅನ್ನೋದೊಂದೇ ನನಗೆ ಗೊತ್ತಿದ್ದದ್ದು. ಮನೇಲಿ ಅನ್ನ ಇರ್ಲಿಲ್ಲ. ಒಬ್ಬನನ್ನ ಕಳಿಸ್ಲೇಬೇಕಿತ್ತು. ನಿನ್ನ ಕಳಿಸೋಕೆ ಕೈಲಾಗ್ಲಿಲ್ಲ ಮಗಾ."

"ಅವನನ್ನ ಕಳಿಸೋಕೆ ಕೈಲಾಯ್ತಾ?"

ಹೊರಗೆ ಮಿರೀತಾ ಜಪಸರ ಹಿಡಿದು ಪ್ರಾರ್ಥನೆ ಶುರುಮಾಡಿದ್ದಳು. ಹೆಂಗಸರ ಮಾರುತ್ತರ ಅಲೆಯಂತೆ ಬರುತ್ತಿತ್ತು.

"ಅವನಿಗೆ ಗೊತ್ತಿತ್ತಾ ಅಮ್ಮ?"

"ಬಾಗಿಲ ಹಿಂದೇನೇ ನಿಂತಿದ್ದ," ಎಂದಳು ಎರ್ಸೀಲಿಯಾ. "ಎಲ್ಲಾ ಕೇಳಿಸ್ಕೊಂಡ. ಕ್ರಿಸ್ಪೀನ್ ಹೊರಟುಹೋದ ಮೇಲೆ ನನ್ನ ಹತ್ರ ಬಂದು, 'ಚಿಕ್ಕವನಿಗೆ ಹೇಳ್ಬೇಡ, ನಾನೇ ಆಸೆಪಟ್ಟು ಹೋದೆ ಅಂತ ಇರ್ಲಿ. ನಿನ್ನ ಮೇಲೆ ಸಿಟ್ಟು ಬರೋದಕ್ಕಿಂತ ನನ್ನ ಮೇಲೇ ಬರ್ಲಿ,' ಅಂದ."

ನಿಕಾಸಿಯೊ ಗೋಡೆಗೊರಗಿದ. ಗಾಜಿನೊಳಗೆ ಆ ಊದಿದ ಮುಖ ಇತ್ತು. ಅದರ ದವಡೆಯ ಮೇಲೆ ಗೀರು ಇತ್ತು. ಅಣ್ಣನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಯಾವ ಹೆಸರು ಹಿಡಿದು ಕರೆಯಬೇಕೆಂದೇ ತಿಳಿಯಲಿಲ್ಲ. ಎವಾರಿಸ್ತೊ ಎಂದು ಅವನನ್ನು ಕರೆದು ಎಷ್ಟು ವರ್ಷವಾಯಿತೋ.

ಹನ್ನೊಂದಕ್ಕೆ ಬಂದ ಪಾದ್ರಿ ಹೊಸಬರು. ಕಾಗದ ನೋಡಿಕೊಂಡು, "ನಮ್ಮ ಸಹೋದರ ನಿಕಾಸಿಯೊನ ಆತ್ಮಕ್ಕೆ ಶಾಂತಿ ಕೊಡು ದೇವರೇ," ಎಂದರು. ಓಣಿಗೆ ಓಣಿಯೇ ತಲೆ ತಗ್ಗಿಸಿ 'ಆಮೆನ್' ಎಂದಿತು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ನಿಕಾಸಿಯೊ ಕೂಡ ಎಂದ.

ಸ್ಮಶಾನದಲ್ಲಿ ಗೋಡೆಯಂತೆ ಕಟ್ಟಿದ ಇಟ್ಟಿಗೆಯ ಗೂಡಿನೊಳಗೆ ಪೆಟ್ಟಿಗೆ ತಳ್ಳಿದ ಮೇಲೆ ಅದರ ಬಾಯಿ ಮುಚ್ಚುವ ಕೆಲಸವನ್ನು ನಿಕಾಸಿಯೊ ಬೇರೆಯವರಿಗೆ ಬಿಡಲಿಲ್ಲ. ಅಂಗಿ ತೋಳು ಮಡಚಿ ತಾನೇ ಸಿಮೆಂಟು ಕಲಸಿ, ಒಂದೊಂದೇ ಇಟ್ಟಿಗೆ ಕೂರಿಸಿ, ಮೇಲೆ ನುಣ್ಣಗೆ ಗಾರೆ ಎಳೆದ. ಪುರಸಭೆಯ ಗುಮಾಸ್ತ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಎರ್ಸೀಲಿಯಾ ಮಗನ ಹತ್ತಿರ ಬಂದು ಪಿಸುಗುಟ್ಟಿದಳು. "ಇಲ್ಲಾದ್ರೂ ಅವನ ಹೆಸರು ಬರಿ. ನಾನಿನ್ನು ಎಷ್ಟು ದಿನ? ಮೇಲೆ ಹೋದ್ಮೇಲೆ ಅವನನ್ನ ಹುಡುಕಬೇಕಲ್ಲ."

ಹೆಸರು ಕೊರೆಯಲು ಅವನು ಹಸಿ ಗಾರೆಗೆ ಮೊಳೆ ತಾಗಿಸಿದ.

"ಕಾಗದದಲ್ಲಿರೋದೇ ಬರೀಬೇಕು ಮೇಸ್ತ್ರಿ," ಎಂದ ಗುಮಾಸ್ತ. "ಬೇರೆ ಬರೆದ್ರೆ ನಾಳೆ ನಾನೇ ಒಡೆಸಬೇಕಾಗುತ್ತೆ. ನನ್ನ ಕೆಲಸ ಹೋಗುತ್ತೆ, ನಿಮಗೆ ಪೊಲೀಸರ ಕಾಟ. ಎನ್, ಐ, ಸಿ... ಬರೀರಿ."

ನಿಕಾಸಿಯೊ ಬರೆದ. ರೋಮನ್ ಲಿಪಿಯ ಏಳು ಅಕ್ಷರ; ಅಣ್ಣನ ಹೆಸರಿಗೆ ಎಂಟು ಬೇಕಿತ್ತು. ಹದಿನೇಳರ ನಂತರ ತನ್ನ ಹೆಸರನ್ನು ಅವನ ಕೈ ಬರೆದಿದ್ದು ಇದೇ ಮೊದಲು. ಅಕ್ಷರಗಳು ಶಾಲೆಯ ಹುಡುಗನ ಅಕ್ಷರಗಳ ಹಾಗೆ ದುಂಡಗೆ ಬಂದವು. ಗುಮಾಸ್ತ ನೋಡಿ ತಲೆಯಾಡಿಸಿ ಹೊರಟ. ಜನ ಗೇಟಿನ ಕಡೆ ಚದುರಿದರು.

"ಬರೆದೆಯಾ?" ಎಂದಳು ಓದು ಬಾರದ ಎರ್ಸೀಲಿಯಾ.

"ಬರೆದೆ."

"ಎವಾರಿಸ್ತೊ ಅಂತ?"

"ಹೂಂ."

"ಎಲ್ಲಿಂದ ಶುರು?"

ನಿಕಾಸಿಯೊ ಅವಳ ತೋರುಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟು ಕೈ ಬಿಟ್ಟ. ಮುದುಕಿ ಹಸಿ ಗಾರೆಯಲ್ಲಿ ಗೀರುಗಳನ್ನು ತಡವುತ್ತ, ಒಂದೊಂದು ಅಕ್ಷರಕ್ಕೂ ಹಿರಿಯ ಮಗನ ಹೆಸರಿನ ಒಂದೊಂದು ಚೂರು ಸಣ್ಣಗೆ ಉಸುರುತ್ತ ಮುಂದೆ ಸಾಗಿದಳು. ಏಳನೆಯ ಅಕ್ಷರ ಮುಗಿಯಿತು. ಹೆಸರಿನ ಕೊನೆಯ ತುಣುಕು ಇನ್ನೂ ಅವಳ ಬಾಯಲ್ಲೇ ಇತ್ತು. ಅವಳ ಬೆರಳು ಏನೂ ಬರೆಯದ ಜಾಗದ ಮೇಲೆ ಮುಂದಕ್ಕೆ ಹೋಯಿತು, ನುಣ್ಣನೆಯ ಗಾರೆಯಲ್ಲಿ ಒಂದು ಉದ್ದ ಸಾಲು ತೋಡುತ್ತ.