ಗಾಜಿನಾಚೆಯ ತುಟಿಗಳು

ನೇಯ್ಗೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಕಿವಿ ಅರ್ಧ ಹೋಗಿರುತ್ತದೆ, ಕಣ್ಣು ಮಾತ್ರ ಎರಡರಷ್ಟು ಚುರುಕು. ಆರುನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ನಮ್ಮಪ್ಪ ಆ ವಿದ್ಯೆಯಲ್ಲಿ ಪಂಡಿತ. ಬೀದಿಯ ಆ ತುದಿಯಲ್ಲಿ ಯಾರಾದರೂ ಮೆತ್ತಗೆ ಬೈದರೆ ಈ ತುದಿಯಿಂದ ಉತ್ತರ ಹೋಗುತ್ತಿತ್ತು. ಅಪ್ಪ ಅಮ್ಮ ನನಗೆ ಕೇಳಿಸಬಾರದ ಜಗಳಗಳನ್ನೆಲ್ಲ ತುಟಿಯಲ್ಲೇ ಆಡುತ್ತಿದ್ದರು. ನೋಡಿ ನೋಡಿ ನನಗೂ ಅದು ಬಂತು. ಬರುತ್ತದೆ ಅಂತ ಅವರಿಗೆ ಹೇಳಿರಲಿಲ್ಲ. ಹೇಳಿದರೆ ಪುಕ್ಕಟೆ ಸಿನಿಮಾ ನಿಂತುಹೋಗುತ್ತಿತ್ತಲ್ಲ!

ಮಿಲ್ಲು ಮುಚ್ಚಿ ಹನ್ನೊಂದು ತಿಂಗಳಾಗಿತ್ತು. ಆರ್ಡರ್ ಇಲ್ಲ ಎಂದಿದ್ದರು ಮಾಲೀಕರು. ಆರ್ಡರ್ ಇತ್ತು, ಒಬ್ಬನೇ ನಲವತ್ತು ಮಗ್ಗ ನೋಡಿಕೊಳ್ಳುವ ಅವರದೇ ಹೊಸ ಮಿಲ್ಲಿಗೆ ಹೋಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅಂದಿನಿಂದ ನಮ್ಮ ಬೀದಿಯಲ್ಲಿ ಕೈತುಂಬ ಕೆಲಸ ಇದ್ದದ್ದು ಜಗಳಕ್ಕೆ ಮಾತ್ರ. ಎದುರು ಮನೆಯ ಅಣ್ಣತಮ್ಮಂದಿರು ಒಂದು ಬಕೆಟ್ಟಿಗಾಗಿ ತಲೆ ಒಡೆದುಕೊಂಡರು. ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದ ಪಕ್ಕದ ಮನೆಯಕ್ಕ ವಾಪಸ್ ಬರಲೇ ಇಲ್ಲ. ನನ್ನನ್ನು ಕಾಲೇಜು ಬಿಡಿಸಿ ಕಳಿಸುತ್ತೇನೆಂದು ನಮ್ಮಮ್ಮ ಬಟ್ಟೆ ಅಂಗಡಿಯವರಿಗೆ ಮಾತು ಕೊಟ್ಟುಬಿಟ್ಟಿದ್ದಳು. ಒಂದನೇ ತಾರೀಖಿನೊಳಗೆ ಅಪ್ಪನಿಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಅವತ್ತಿನಿಂದ ಜನ ಕೆದಕಿ ಹೋದ ಬಟ್ಟೆಗಳನ್ನು ಮಡಿಚಿಡುವುದೇ ನನ್ನ ಡಿಗ್ರಿ.

ಊರಾಚೆಯ ಗೋದಾಮಿನಲ್ಲಿ ಒಂದು ಮೇಸ್ತ್ರಿ ಕೆಲಸ ಖಾಲಿ ಇತ್ತು. ಲಾರಿಗೆ ಸರಕು ತುಂಬುವವರಿಗೆ ಯಾವ ಪೆಟ್ಟಿಗೆ ಎಲ್ಲಿಗೆ ಎಂದು ಕೂಗಿ ಹೇಳುವುದು. ಅರ್ಜಿ ತುಂಬಿಕೊಡಲು ಅಪ್ಪನ ಜೊತೆ ನಾನೂ ಹೋದೆ. ನಲವತ್ತು ಜನ ಬಂದಿದ್ದರು. ಒಬ್ಬೊಬ್ಬರನ್ನೇ ಮಾತಾಡಿಸಿ ಕಳಿಸಿ, ಮಧ್ಯಾಹ್ನಕ್ಕೆ ಇಬ್ಬರನ್ನು ಮಾತ್ರ ಬೆಂಚಿನ ಮೇಲೆ ಉಳಿಸಿಕೊಂಡರು. ಒಬ್ಬ ನಮ್ಮಪ್ಪ, ಇನ್ನೊಬ್ಬ ಗುಡುಗು ಮಾಮ.

ಗುಡುಗು ಮಾಮ ನೆಂಟನೇನಲ್ಲ. ಮಿಲ್ಲಿನಲ್ಲಿ ಅಪ್ಪನ ಪಕ್ಕದ ಮಗ್ಗದವನು. ಅಲ್ಲಿ ಎಲ್ಲರೂ ತುಟಿ ಅಲ್ಲಾಡಿಸಿದರೆ ಇವನು ಹಠಕ್ಕೆ ಬಿದ್ದು ಕೂಗುತ್ತಿದ್ದ. ಇವನು 'ಚೆನ್ನಾಗಿದೀಯಾ' ಅಂದರೆ ಮಲಗಿದ ಕೂಸು ಎದ್ದು ಅಳುತ್ತಿತ್ತು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಯಾರಿಗೂ ಹೇಳದೆ ಅಪ್ಪನ ಭುಜ ಹಿಡಿದುಕೊಂಡೇ ಬಂದಿದ್ದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲೋ, ಆ ಕೆಸರಿಗೂ ಅರ್ಜಿ ಹಾಕೋ ಕಾಲ ಬಂತು ನೋಡು!" ಎಂದು ಮಾಮ ನಕ್ಕ. ಗಾಜಿನ ಗೋಡೆಯ ಆಚೆ ಕೂತಿದ್ದ ಮ್ಯಾನೇಜರ್ ತಲೆ ಎತ್ತಿ ನೋಡಿದ.

"ಮೆತ್ತಗೆ ಮಾತಾಡೋ ಮಾರಾಯ," ಎಂದ ಅಪ್ಪ.

"ಯಾಕೆ, ಮಾತಿಗೂ ರೇಷನ್ ಮಾಡಿದಾರಾ? ಇಬ್ರಲ್ಲಿ ಯಾರಿಗಾದ್ರೂ ಸಿಗ್ಲಿ ಬಿಡು. ಅವನೇನಂತಾನೆ ನೋಡಿ ಹೇಳು. ನಂಗೆ ಅಲ್ಲಿ ಬರೀ ಹೊಗೆ ಕಾಣ್ಸುತ್ತೆ."

ಅಪ್ಪ ನೋಡಿದ. ನಾನೂ ನೋಡಿದೆ. ಪಕ್ಕದಲ್ಲಿದ್ದ ಗುಮಾಸ್ತನಿಗೆ ಹೇಳುತ್ತಿದ್ದ ಮ್ಯಾನೇಜರನ ತುಟಿ ಸ್ಪಷ್ಟವಾಗಿ ಆಡುತ್ತಿತ್ತು.

"ಆ ದಪ್ಪಗಿರೋನ್ನೇ ತಗೊಳ್ಳೋಣ. ಏನು ಗಂಟಲು ರೀ ಅದು, ಮೈಕೇ ಬೇಡ. ಸಣ್ಣಗಿರೋನ್ನ ಕಳಿಸಿಬಿಡಿ."

ಸಣ್ಣಗಿರುವವನು ನಮ್ಮಪ್ಪ.

"ಏನಂದ್ನೋ?" ಮಾಮ ಅಪ್ಪನ ತೊಡೆ ತಟ್ಟಿದ.

ಅಪ್ಪ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಮಾಮನ ಕಿವಿಯ ಹತ್ತಿರ ಬಾಗಿದ.

"ಜಾಗ ಇಲ್ವಂತೆ. ಯಾರೋ ಅವರ ಕಡೆಯವರಿಗೇ ಕೊಟ್ಟಾಗಿದೆಯಂತೆ. ಸುಮ್ನೆ ನಮ್ಮನ್ನ ಕೂರಿಸಿಕೊಂಡಿದಾರೆ."

"ಥೂ! ನಲವತ್ತು ಜನರ ಕಿವಿಗೆ ಹೂ ಇಟ್ರಲ್ಲೋ! ನಡಿ ಹೋಗೋಣ."

"ನೀನು ಹೋಗಿರು. ಮಗಳ ಸರ್ಟಿಫಿಕೇಟೊಂದು ಒಳಗೆ ಹೋಗಿದೆ, ಇಸ್ಕೊಂಡು ಬರ್ತೀನಿ."

ನನ್ನ ಯಾವ ಸರ್ಟಿಫಿಕೇಟೂ ಒಳಗೆ ಹೋಗಿರಲಿಲ್ಲ. ಮಾಮ ಎದ್ದ. ಬಾಗಿಲೆಲ್ಲಿ ಎಂದು ಗೋಡೆ ತಡವಿದ. ನಾನೇ ಕೈ ಹಿಡಿದು ಮೆಟ್ಟಿಲವರೆಗೆ ಬಿಟ್ಟು ಬಂದೆ. "ಚೆನ್ನಾಗಿ ಓದು ಪುಟ್ಟಿ," ಎಂದು ಹೋದ. ಆಗ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ.

ಗುಮಾಸ್ತ ಹೊರಗೆ ಬಂದ. "ಎಲ್ಲಿ ಆ ದಪ್ಪಗಿದ್ದೋರು?"

ಅಪ್ಪ ಎದ್ದು ನಿಂತ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳದಷ್ಟು ಜೋರು ದನಿ ಅವತ್ತು ಕೇಳಿದೆ.

"ಹೋದ್ರು ಸಾರ್! ಈ ಕೆಲ್ಸ ತನ್ ಕೈಲಿ ಆಗಲ್ಲ ಅಂತ ಹೋದ್ರು!"

ದೂರದಲ್ಲಿ ಪೆಟ್ಟಿಗೆ ಹೊರುತ್ತಿದ್ದವರು ತಿರುಗಿ ನೋಡಿದರು. ಗುಮಾಸ್ತ ಕಿವಿ ಉಜ್ಜಿಕೊಂಡ. "ಅಬ್ಬಬ್ಬಾ, ನಿಮಗೂ ಗಂಟಲಿದೆಯಲ್ರೀ. ಬನ್ನಿ ಒಳಗೆ."

ಭಾನುವಾರ ಮಾಮ ಮನೆಗೆ ಬಂದ. ಅಪ್ಪನಿಗೆ ಕೆಲಸ ಸಿಕ್ಕ ಸುದ್ದಿ ಬೀದಿಯಲ್ಲೆಲ್ಲ ಹರಡಿತ್ತು. ಮ್ಯಾನೇಜರ್ ಕಡೆಯವನು ಬರಲಿಲ್ಲವಂತೆ, ಕೊನೆಗೆ ಅಪ್ಪನನ್ನೇ ಕರೆದರಂತೆ ಎಂದು ಅಮ್ಮ ಎಲ್ಲರಿಗೂ ಹೇಳಿದ್ದಳು. ಅಪ್ಪ ಅವಳಿಗೆ ಹೇಳಿದ್ದು ಅಷ್ಟೇ. ಮಾಮನ ದನಿ ಕೇಳಿದ್ದೇ ಅಪ್ಪ ಹಿತ್ತಲಿಗೆ ಹೋಗಿ ತೊಳೆದ ಚಪ್ಪಲಿಯನ್ನೇ ಮತ್ತೆ ತೊಳೆಯತೊಡಗಿದ.

"ಅವನಿಗಾದ್ರೂ ಸಿಕ್ತಲ್ಲ, ಸಂತೋಷ," ಎಂದ ಮಾಮ. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ. "ಪುಟ್ಟಿ, ನೀನು ಅಲ್ಲೇ ಇದ್ದೆ. ನನ್ನ ಬಗ್ಗೆ ಏನಾದ್ರೂ ಅಂದ್ರಾ? ನಾನೆಲ್ಲಿ ಎಡವಿದೆ ಅಂತ ಗೊತ್ತಾದ್ರೆ ತಿದ್ಕೋತೀನಮ್ಮ. ನಾಳೆ ಇನ್ನೊಂದು ಕಡೆ ಕರೆದಿದಾರೆ."

ಹಿತ್ತಲಲ್ಲಿ ನೀರಿನ ಸದ್ದು ನಿಂತಿತು. ಒಂದು ಒಳ್ಳೆಯ ಸುಳ್ಳಿಗಾಗಿ ಹುಡುಕಿದೆ, ಯಾವುದೂ ಸಿಗಲಿಲ್ಲ. ಸಿಕ್ಕಿದ್ದನ್ನು ಹೇಳಿಬಿಟ್ಟೆ.

"ನಿನ್ನ ದನಿ ತುಂಬಾ ಜೋರಂತೆ ಮಾಮ."

ಬಾಗಿಲಲ್ಲಿ ಅಪ್ಪ ನಿಂತಿದ್ದ, ಕೈಯಲ್ಲಿ ಒದ್ದೆ ಚಪ್ಪಲಿ. ಗಾಜಿನಾಚೆಯ ಮಾತು ನನಗೂ ಗೊತ್ತು ಎಂದು ಅವನಿಗೆ ತಿಳಿದದ್ದು ಆಗಲೇ. ನನ್ನನ್ನೇ ನೋಡುತ್ತಿದ್ದ. ಅವನ ತುಟಿ ಅಲ್ಲಾಡಲಿಲ್ಲ.

"ಹೌದಾ?" ಎಂದ ಮಾಮ. ಆಮೇಲೆ, ನನಗೆ ಬಗ್ಗಿ ಕೇಳಬೇಕಾಗುವಷ್ಟು ಮೆಲ್ಲಗೆ, "ಹೀಗೆ ಮಾತಾಡಿದ್ರೆ ಆಗುತ್ತಾ?" ಎಂದ.

"ಇನ್ನೂ ಸ್ವಲ್ಪ ಮೆಲ್ಲಗೆ," ಅಂದೆ.