ನನ್ನ ನಾಲಿಗೆ, ಪಂಚಶೀಲಾಳ ಕಣ್ಣು

ಭತ್ತದ ರಾಶಿ ಶುರುವಾಯಿತೆಂದರೆ ನಮ್ಮ ಕಡೆ ಯಾರದಾದರೂ ಕಣ್ಣಿಗೆ ಹೊಟ್ಟು ಬೀಳುವುದು ಇದ್ದದ್ದೇ. ಕಟಾವಿನ ಮಷೀನು ಒಂದು ಕಡೆ ಭತ್ತ ಸುರಿಯುತ್ತದೆ, ಇನ್ನೊಂದು ಕಡೆ ಧೂಳು ಕಾರುತ್ತದೆ. ಗಾಳಿ ಯಾರ ಮಾತು ಕೇಳುತ್ತದೆ? ಕಣ್ಣು ಉಜ್ಜಿಕೊಳ್ಳುತ್ತ ಓಡಿ ಬಂದವರು ಸೀದಾ ನನ್ನ ಮನೆಗೇ ಬರುತ್ತಿದ್ದರು.

ನಾನು ಕರೆಮ್ಮ. ಶಿರವಾಳದ ಆಚೆ, ಕಾಲುವೆ ದಂಡೆಯ ಊರು ನಮ್ಮದು. ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಿಂದ ತೆಗೆಯುವುದನ್ನು ನನಗೆ ನಮ್ಮವ್ವ ಕಲಿಸಿದ್ದಳು. ಬಾಯಿ ಮುಕ್ಕಳಿಸಬೇಕು, ರೆಪ್ಪೆ ಮಗುಚಿ ಹಿಡಿಯಬೇಕು, ನಾಲಿಗೆಯ ತುದಿಯನ್ನು ಒಮ್ಮೆ ಆಡಿಸಬೇಕು. ಆಮೇಲೆ ಕಸವನ್ನು ಅಂಗೈ ಮೇಲೆ ಉಗಿದು ತೋರಿಸಬೇಕು. ತೋರಿಸದಿದ್ದರೆ ಜನ ನಂಬುವುದಿಲ್ಲ. ಮೂವತ್ತು ವರ್ಷ ಇದನ್ನೇ ಮಾಡಿದೆ. ಯಾರಿಂದಲೂ ಒಂದು ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. "ಕರೆಮ್ಮನ ಕೈಗುಣ ದೊಡ್ಡದು" ಎಂದು ಊರೆಲ್ಲ ಹೊಗಳುತ್ತಿತ್ತು. ಹೊಗಳಿಸಿಕೊಂಡು ನಾನೂ ಉಬ್ಬಿದ್ದೆ. ಆ ಸೊಕ್ಕು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಕಥೆ ನಾನು ಹೇಳಿದ್ದು. ಬರೆದುಕೊಂಡವಳು ನಮ್ಮೂರಿನ ಆಶಾ ಕಾರ್ಯಕರ್ತೆ ಅಂಬರೀನ. ಸಂಘದ ಹೆಣ್ಣುಮಕ್ಕಳ ಮುಂದೆ ಓದಬೇಕಂತೆ. "ಓದವ್ವಾ, ನನ್ನ ತಪ್ಪಿನ ಒಂದು ಮಾತೂ ಬಿಡಬ್ಯಾಡ" ಎಂದು ಅವಳಿಗೆ ಹೇಳಿದ್ದೇನೆ.

ಪಂಚಶೀಲಾ ನನ್ನ ತಮ್ಮನ ಮಗಳು. ಹಟ ಹಿಡಿದು ಕೇಳಿ ನನ್ನ ಮಗ ಜೈಭೀಮನಿಗೆ ತಂದುಕೊಂಡೆ. ಬಂದ ವರ್ಷವೇ ಬಾಗಿಲ ಹತ್ತಿರ ಹೊಲಿಗೆ ಮಷೀನು ಇಟ್ಟಳು. ನಮ್ಮ ಓಣಿಯ ಕುಪ್ಪಸಗಳೆಲ್ಲ ಅವಳ ಕೈಯವೇ. ನಾನು ಹಳೆಯ ಸೀರೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು, ಆದರೆ ವಯಸ್ಸಾಯಿತು, ಸೂಜಿಯ ಕಣ್ಣು ಕಾಣುವುದಿಲ್ಲ. ಅವಳು ಬೆಳಿಗ್ಗೆ ಕೂಲಿಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ, ಕೌದಿಯ ಅಂಚಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. ಸಂಜೆಯವರೆಗೆ ನನಗೆ ಅಷ್ಟು ಸಾಕಾಗುತ್ತಿತ್ತು.

ಹೋದ ವರ್ಷದ ರಾಶಿಯಲ್ಲಿ ಅವಳು ಒಂದು ಮಧ್ಯಾಹ್ನ ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡು ಬಂದಳು.

"ಅತ್ತಿ, ಕಣ್ಣಾಗ ಏನೋ ಚುಚ್ಚಾಕತ್ತೈತಿ ನೋಡ."

"ಕುಂದ್ರ ಕುಂದ್ರ. ಒಂದ ಗಳಿಗಿ ಕೆಲಸ."

ನಾಲಿಗೆ ಆಡಿಸಿದೆ. ಹೊಟ್ಟಿನ ಚೂರು ಬಂತು, ಅಂಗೈ ಮೇಲೆ ಉಗಿದು ತೋರಿಸಿದೆ. ಪಕ್ಕದ ಮನೆಯ ಬಾಣಂತಿಯಿಂದ ಎರಡು ಹನಿ ಎದೆಹಾಲನ್ನೂ ಕಣ್ಣಿಗೆ ಹಾಕಿಸಿದೆ. ಹೊಟ್ಟು ಹೊರಗೆ ಬಂದಿತ್ತು. ಅದು ಗೀರಿದ ಗಾಯ ಮಾತ್ರ ಒಳಗೇ ಉಳಿದಿತ್ತು. ಆ ಗಾಯದಲ್ಲಿ ಹೊಲದ ಬೂಷ್ಟು ಕೂತಿತ್ತು, ಅದರ ಮೇಲೆ ನನ್ನ ಬಾಯಿಯ ಹೊಲಸೂ ಸೇರಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮರುದಿನ ಕಣ್ಣು ಕೆಂಡದಂತೆ ಕೆಂಪಾಯಿತು. ಲಸಿಕೆ ಹಾಕಿಸುವ ಮಕ್ಕಳ ಹೆಸರು ಬರೆಯಲು ಬಂದ ಅಂಬರೀನ ಅದನ್ನು ನೋಡಿ ಅಲ್ಲೇ ನಿಂತಳು.

"ಕರೆಮ್ಮವ್ವ, ಇದು ಮನ್ಯಾಗ ಮಾಡೋ ಕೆಲಸ ಅಲ್ರಿ. ಇವತ್ತ ಯಾದಗಿರಿಗಿ ಕರ್ಕೊಂಡು ಹೋಗ್ರಿ. ಕಣ್ಣಿನ ಡಾಕ್ಟರಿಗಿ ತೋರಸ್ರಿ."

"ಕಸ ಬಿದ್ದ ಕಣ್ಣು ಕೆಂಪ ಆಗದ ಇರ್ತೈತೇನ? ನಾಳಿಗಿ ಇಳಿತೈತಿ ಬಿಡ."

"ಹೊಟ್ಟು ಗೀರಿದ್ರ ಕಣ್ಣಿಗಿ ಬೂಷ್ಟು ಹಿಡಿತೈತ್ರಿ. ಟ್ರೇನಿಂಗ್‌ನ್ಯಾಗ ನಮಗ ಹೇಳ್ಯಾರ."

ನನಗೆ ಸಿಟ್ಟು ನೆತ್ತಿಗೇರಿತು. "ಲೇ ಹುಡುಗಿ, ನಿನ್ನ ಕಣ್ಣಾಗಿನ ಕಸಾನೂ ನಾನ ತಗದೇನಿ. ಲಂಗಾ ಹಾಕ್ಕೊಂಡು ಅಳ್ಕೋತ ಬಂದಿದ್ದಿ. ಹೋಗಿ ನಿಮ್ಮವ್ವ ಜೈತುನಬೀನ ಕೇಳ. ಈಗ ನನಗ ಬುದ್ಧಿ ಹೇಳಾಕ ಬಂದಿ?"

ಅವಳು ಮುಖ ಸಣ್ಣದು ಮಾಡಿಕೊಂಡಳು. "ಮರ್ತಿಲ್ರಿ ಅವ್ವಾ. ಮರ್ತಿದ್ರ ಹೇಳ್ತಿದ್ದಿಲ್ಲ" ಎಂದು ಹೊರಟುಹೋದಳು.

ಅವತ್ತೇ ಹೋಗಿದ್ದರೆ! ಈ ಮಾತನ್ನು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ, ಲೆಕ್ಕವಿಲ್ಲ.

ನಾನು ಮಾಡಿದ್ದೇನು ಕೇಳಿ. ನನ್ನ ಗಂಡ ಅಂಬ್ರಪ್ಪನಿಗೆ ಹಿಂದಿನ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಅವನ ಹನಿಯೌಷಧದ ಬಾಟಲಿ ಅರ್ಧ ಉಳಿದು ಗೋಡೆಯ ಗೂಡಿನಲ್ಲಿ ಕೂತಿತ್ತು. ತೆಗೆದುಕೊಂಡೆ.

"ಏ, ಅದು ನನ್ನ ಕಣ್ಣಿಗಿ ಕೊಟ್ಟಿದ್ದು" ಎಂದ ಅಂಬ್ರಪ್ಪ.

"ಕಣ್ಣಿಗಿ ತಾನ? ನಿಂದೇನ ಬ್ಯಾರೆ ಐತೇನ, ಸುಮ್ಮ ಕುಂದ್ರ."

ಹಾಕಿದೆ. ಮರುದಿನ ಕೆಂಪು ಇಳಿಯಿತು. ನೋವೂ ತಗ್ಗಿತು. ನಾನು ಬೇಕೆಂದೇ ಅಂಬರೀನಳ ಮನೆಯ ಮುಂದೆ ಎರಡು ಸಲ ಹಾದುಹೋದೆ. ಆ ಔಷಧ ಕೆಂಪನ್ನು ಮುಚ್ಚಿ, ಒಳಗಿನ ಬೂಷ್ಟನ್ನು ಬೆಳೆಸುತ್ತಿತ್ತು ಎಂದು ನನಗೇನು ಗೊತ್ತು? ಗೊತ್ತಿರಲಿಲ್ಲ, ನಿಜ. ಗೊತ್ತಿದ್ದವಳು ಮನೆ ಬಾಗಿಲಿಗೆ ಬಂದು ಹೇಳಿದ್ದಳಲ್ಲ!

ಐದನೆಯ ದಿನ ಪಂಚಶೀಲಾಳ ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಾಣಿಸಿತು. ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜೈಭೀಮ ಸುದ್ದಿ ಕೇಳಿ ಫೋನಿನಲ್ಲಿ ಕೂಗಾಡಿದ. ಆಗ ಹೊರಟೆವು. ಅಂಬರೀನಳೇ ಜೊತೆಗೆ ಬಂದಳು. ಒಂದು ಮಾತೂ ಚುಚ್ಚಿ ಆಡಲಿಲ್ಲ.

ಯಾದಗಿರಿಯ ಕಣ್ಣಿನ ಡಾಕ್ಟರು ಬಸವೇಶ್ವರಿ ಮೇಡಂ. ಪಂಚಶೀಲಾಳ ಗದ್ದವನ್ನು ಒಂದು ಮಷೀನಿನ ಮೇಲೆ ಇರಿಸಿದರು. ಅದರಲ್ಲಿ ದೊಡ್ಡದು ಮಾಡಿ ತೋರಿಸುವ ಗಾಜೂ ಇತ್ತು, ಕ್ಯಾಮೆರಾವೂ ಇತ್ತು. ಅವಳ ಕಣ್ಣು ಪಕ್ಕದ ಟಿವಿಯಂಥ ಪರದೆಯ ಮೇಲೆ ರೊಟ್ಟಿಯಷ್ಟು ಅಗಲವಾಗಿ ಬಂತು. ಬಣ್ಣದ ಔಷಧ ಹಾಕಿ ನೀಲಿ ದೀಪ ಹಿಡಿದರೆ ಗಾಯ ಹಸಿರಾಗಿ ಹೊಳೆಯಿತು. ಮೇಡಂ ಆ ಚಿತ್ರದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರು.

"ಎರಡು ಮಿಲಿಮೀಟರ್ ಐತಿ. ಇನ್ನೂ ಸಣ್ಣದೈತಿ, ಛಲೋ ಆಯ್ತು ಬಂದಿದ್ದು. ಆದ್ರ ಗಾಯದಾಗ ಏನೈತಿ ಅಂತ ತಿಳೀಬೇಕು. ಮ್ಯಾಲಿಂದ ಚೂರು ಕೆರದು ಸೂಕ್ಷ್ಮದರ್ಶಕದಾಗ ನೋಡಬೇಕು."

"ಕೆರೀತೀರಿ? ಕಣ್ಣ?"

"ಬ್ಲೇಡ್‌ನ ತುದೀಲೆ, ಹಗೂರಕ. ಮೊದಲ ಹನಿ ಹಾಕಿ ಮರಗಟ್ಟಸ್ತೀವಿ. ನೋವಾಗಂಗಿಲ್ಲ."

ಬ್ಲೇಡ್ ಎಂದ ಕೂಡಲೇ ಪಂಚಶೀಲಾಳ ರಟ್ಟೆ ಹಿಡಿದೆ. ಎದ್ದುನಿಂತೆ.

"ಬ್ಯಾಡ್ರಿ. ಹನಿ ಬರದು ಕೊಡ್ರಿ, ಹೋಗ್ತೀವಿ."

"ಏನಂತ ತಿಳೀದ ಯಾವ ಹನಿ ಬರೀಲಿ? ಬೂಷ್ಟಿಗಿ ಬ್ಯಾರೆ ಔಷಧ, ಕೀವಿನ ಹುಳಕ್ಕ ಬ್ಯಾರೆ ಔಷಧ."

"ಅತ್ತಿ, ನೋಡಸೇ ಹೋಗೂಣು" ಎಂದಳು ಪಂಚಶೀಲಾ. ಅಂಬರೀನ ನನ್ನ ಕೈ ಹಿಡಿದು ಬೇಡಿಕೊಂಡಳು. ನಾನು ಕೈ ಕೊಡವಿಕೊಂಡೆ. "ನನ್ನ ತಮ್ಮನ ಮಗಳ ಕಣ್ಣಿಗಿ ಬ್ಲೇಡ್ ಹಚ್ಚಗೊಡಂಗಿಲ್ಲ" ಎಂದು ಅವಳನ್ನು ಎಳೆದುಕೊಂಡು ಬಸ್ ಹತ್ತಿಸಿದೆ. ಆ ಹುಡುಗಿ ಎಂದೂ ನನ್ನ ಮಾತು ಮೀರಿದವಳಲ್ಲ. ಅವತ್ತು ಒಂದು ದಿನ ಮೀರಬಾರದಿತ್ತೇ!

ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡೆ. ನಂದಿಬಟ್ಟಲ ಹೂವಿನ ರಸ ಹಾಕಿದೆ. ಅವಳಿಗೆ ಬೆಳಕು ನೋಡಲಾಗುತ್ತಿರಲಿಲ್ಲ, ಸೆರಗು ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅಷ್ಟರಲ್ಲೂ ನಾಲ್ಕನೆಯ ಬೆಳಿಗ್ಗೆ ಎದ್ದು ನನ್ನ ಸೂಜಿಗಳನ್ನು ತೆಗೆದುಕೊಂಡು ಕೂತಳು. ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯದೆ ದಾರ ಸೂಜಿಯ ಪಕ್ಕದಿಂದ ಹೋಗುತ್ತಿತ್ತು. ಮತ್ತೆ ತುದಿ ನೆನೆಸಿಕೊಂಡಳು, ಮತ್ತೆ ಪಕ್ಕಕ್ಕೇ ಹೋಯಿತು.

"ಅತ್ತಿ, ಇವತ್ತ ಒಂದೂ ಆಗವಲ್ದು" ಎಂದಳು, ತಪ್ಪು ಮಾಡಿದವಳ ಹಾಗೆ.

ನಾನು ಚಪ್ಪಲಿ ಸಹ ಹಾಕಿಕೊಳ್ಳದೆ ಅಂಬರೀನಳ ಮನೆಗೆ ಓಡಿದೆ. "ನಡಿಯವ್ವಾ, ನಂದ ತಪ್ಪಾತು. ಏನ ಕೆರೀತಾರ, ಕೆರೀಲಿ" ಎಂದೆ.

ಮೇಡಂ ಮತ್ತೆ ಅಳೆದರು. ಐದು ಮಿಲಿಮೀಟರ್.

ಹನಿ ಹಾಕಿದರು, ಕೆರೆದರು. ಎರಡು ನಿಮಿಷವೂ ಹಿಡಿಯಲಿಲ್ಲ. ಪಂಚಶೀಲಾ ನನ್ನ ಕೈ ಹಿಡಿದಿದ್ದಳು. ಅವಳ ಬೆರಳು ಒಮ್ಮೆಯೂ ಬಿಗಿಯಾಗಲಿಲ್ಲ. ನಾನು ಅಂಜಿ ಓಡಿಹೋದದ್ದು ಈ ಎರಡು ನಿಮಿಷಕ್ಕೆ.

ಕೆರೆದದ್ದನ್ನು ಗಾಜಿನ ಪಟ್ಟಿಗೆ ಸವರಿ ಪಕ್ಕದ ಕೋಣೆಗೆ ಒಯ್ದರು. ಅಲ್ಲಿ ಪರೀಕ್ಷೆ ಮಾಡುವವನು ಶ್ರೀಮಂತ ಎಂಬ ಹುಡುಗ. ಅವನ ಸೂಕ್ಷ್ಮದರ್ಶಕದ ತಲೆಯ ಮೇಲೂ ಒಂದು ಕ್ಯಾಮೆರಾ. ಸ್ವಲ್ಪ ಹೊತ್ತಿಗೆ ಮೇಡಂ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು.

"ಇದೇನ್ರಿ, ಯಾರೋ ದಾರ ಚೆಲ್ಲಿದಂಗ ಐತಲ್ಲ?" ಎಂದೆ.

"ದಾರ ಅಲ್ರಿ ಅವ್ವಾ, ಬೂಷ್ಟಿನ ಎಳಿ" ಎಂದ ಶ್ರೀಮಂತ. "ಹಳೇ ರೊಟ್ಟಿ ಮ್ಯಾಲೆ ಬರ್ತೈತಲ್ಲ, ಅಂಥಾದ್ದ. ಹೊಲದಾಗಿನ ಹೊಟ್ಟಿನ ಜೊತಿ ಬಂದೈತಿ." ಒಂದು ಎಳೆಯ ಅಡ್ಡಕ್ಕೆ ಗೆರೆ ಎಳೆದು ಅಳೆದ. "ಐದು ಮೈಕ್ರಾನ್ ದಪ್ಪ. ಅಂದ್ರ ನಿಮ್ಮ ತಲಿಕೂದಲಾ ಉದ್ದಕ ಹದಿನಾಲ್ಕು ಸೀಳು ಸೀಳಿದ್ರ, ಅದರಾಗ ಒಂದು ಸೀಳು."

ಜೀವಮಾನವೆಲ್ಲ ದಾರ ಹಿಡಿದವಳು ನಾನು. ಇಂಥ ದಾರ ನೋಡಿರಲಿಲ್ಲ. ನನ್ನ ನಾಲಿಗೆಯ ತುದಿಗೆ ಸಿಗದ ಕಸವೇ ಇಲ್ಲವೆಂದು ಮೂವತ್ತು ವರ್ಷ ಮೆರೆದಿದ್ದೆ. ಇದನ್ನು ಯಾವ ನಾಲಿಗೆ ಹಿಡಿದೀತು, ಯಾವ ಕಣ್ಣು ಕಂಡೀತು?

"ಮೇಡಂ, ಅವತ್ತ ನೋಡಿದ್ರ ಇದು ಕಾಣ್ತಿತ್ತೇನ್ರಿ?"

ಮೇಡಂ ಪರದೆಯ ಮೇಲೆ ಮೊದಲ ದಿನದ ಚಿತ್ರವನ್ನೂ ತೆರೆದರು. ಆಮೇಲೆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟರು. ಎರಡರ ಕೆಳಗೂ ತಾರೀಖು ಇತ್ತು. ಒಂದರಲ್ಲಿ ಎರಡು ಮಿಲಿಮೀಟರ್, ಇನ್ನೊಂದರಲ್ಲಿ ಐದು. "ಬಹುಶಃ ಕಾಣ್ತಿತ್ತು ಕರೆಮ್ಮ. ಗಾಯ ಅವಾಗ ಬದಿಗಿತ್ತು. ಈಗ ನೋಟದ ನಟ್ಟನಡುವಿಗಿ ಬಂದೈತಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡಕ್ಕೂ ಐದಕ್ಕೂ ನಡುವೆ ಮೂರು ಮಿಲಿಮೀಟರ್ ಇದೆಯಲ್ಲ, ಅದು ನಾನು ಮಾಡಿದ್ದು.

ಅವತ್ತಿನಿಂದ ಗಂಟೆಗೊಮ್ಮೆ ಹನಿ ಹಾಕಬೇಕಾಯಿತು. ಫೋನಿನಲ್ಲಿ ಗಂಟೆ ಹೊಡೆದ ಕೂಡಲೇ ಕೈ ತೊಳೆದುಕೊಂಡು ಹಾಕುತ್ತಿದ್ದೆ. ಒಂದು ಸಲವೂ ತಪ್ಪಿಸಲಿಲ್ಲ. ವಾರಕ್ಕೊಮ್ಮೆ ಯಾದಗಿರಿಗೆ ಹೋಗಿ ಅಳೆಸಿಕೊಂಡು ಬಂದೆವು. ಐದಿದ್ದದ್ದು ನಾಲ್ಕಾಯಿತು, ಮೂರಾಯಿತು, ಎರಡು ತಿಂಗಳಿಗೆ ಗಾಯ ಮುಚ್ಚಿತು. ಕಣ್ಣಿನ ಗುಡ್ಡೆ ಉಳಿಯಿತು. ನೋಟ ಉಳಿಯಲಿಲ್ಲ. ಕರಿಗುಡ್ಡೆಯ ನಡುವೆ ಬಿಳಿಯ ಕಲೆ ನಿಂತುಬಿಟ್ಟಿದೆ. "ಆ ಕಣ್ಣೀಲೆ ನೋಡಿದ್ರ ಹೊಗಿ ತುಂಬಿದಂಗ ಕಾಣ್ತೈತಿ ಅತ್ತಿ" ಎನ್ನುತ್ತಾಳೆ. ಸತ್ತವರು ದಾನ ಕೊಟ್ಟ ಕಣ್ಣಿನಿಂದ ಕರಿಗುಡ್ಡೆಯ ಮೇಲಿನ ತೆಳು ಪರದೆ ತೆಗೆದು ಹಾಕಿದರೆ ಕಾಣಬಹುದಂತೆ. ಹೆಸರು ಬರೆಸಿದ್ದೇವೆ, ಪಾಳಿ ಬಂದಿಲ್ಲ. ಅಂಬ್ರಪ್ಪನೂ ನಾನೂ ನಮ್ಮ ಕಣ್ಣು ಕೊಡುವುದಾಗಿ ಬರೆದುಕೊಟ್ಟು ಬಂದಿದ್ದೇವೆ.

ಈ ಸಲದ ರಾಶಿಯಲ್ಲಿ ಆಚೆ ಓಣಿಯ ಮಲ್ಲಿಕಮ್ಮ ಕಣ್ಣು ಹಿಡಿದುಕೊಂಡು ಓಡಿ ಬಂದಳು.

"ಕರೆಮ್ಮಾ, ಲಗೂನ ನಾಲಗಿ ಹಚ್ಚ. ಹೊಟ್ಟು ಹೊಕ್ಕೈತಿ."

"ಹಚ್ಚಂಗಿಲ್ಲ."

"ಯಾಕ? ನಾ ಏನ ಮಾಡೇನಿ ನಿನಗ?"

"ನನ್ನ ಸೊಸಿ ಏನ ಮಾಡಿದ್ಲು? ಕೈ ತಗಿ. ಉಜ್ಜಬ್ಯಾಡ."

ಕುಡಿಯುವ ನೀರನ್ನು ತಂಬಿಗೆಯಿಂದ ಧಾರೆಯಾಗಿ ಕಣ್ಣಿಗೆ ಸುರಿದೆ. ಅವಳು ಬೈಯುತ್ತಲೇ ಇದ್ದಳು. ಬೈಸಿಕೊಳ್ಳುತ್ತಲೇ ಬಸ್ ಹತ್ತಿಸಿದೆ, ಜೊತೆಗೆ ನಾನೂ ಹೋದೆ. ಮೇಡಂ ಅದೇ ಮಷೀನಿನಲ್ಲಿ ಅಳೆದರು. ಅರ್ಧ ಮಿಲಿಮೀಟರಿನ ಗೀರು. ಅವರು ಕೊಟ್ಟ ಹನಿ ಹಾಕಿ, ಅವರು ಹೇಳಿದ ದಿನ ಮತ್ತೆ ತೋರಿಸಿ ಬಂದಳು, ಕಣ್ಣು ಸ್ವಚ್ಛವಾಯಿತು. ಮಲ್ಲಿಕಮ್ಮ ಮನೆಗೆ ಬಂದು ನಗುತ್ತ ನನ್ನ ಕೈಗೆ ಹೂವು ಕೊಟ್ಟಳು. ನನಗೆ ಅಳು ಬಂತು. ಇಷ್ಟೇ ಇತ್ತಲ್ಲ ಕೆಲಸ!

ಅಕ್ಕಂದಿರೇ, ತಂಗಿಯಂದಿರೇ, ನಿಮಗೆ ಕೈ ಮುಗಿದು ಹೇಳುತ್ತೇನೆ. ರಾಶಿಗೆ ಹೋಗುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸಾದಾ ಗಾಜಿನದಾದರೂ ಸರಿ. ಹೊಟ್ಟು ಬಿದ್ದರೆ ಉಜ್ಜಬೇಡಿ, ಚೊಕ್ಕ ನೀರಿನಿಂದ ತೊಳೆಯಿರಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎದೆಹಾಲು ಕೂಸಿಗೆ ಇರಲಿ. ಗೂಡಿನಲ್ಲಿ ಉಳಿದ ಹಳೆಯ ಬಾಟಲಿಯನ್ನು ಇವತ್ತೇ ಎಸೆಯಿರಿ. ಕೆರೆದು ನೋಡುತ್ತೇವೆ ಎಂದರೆ ನನ್ನ ಹಾಗೆ ಓಡಿಬರಬೇಡಿ. ನಮ್ಮ ಕಣ್ಣಿಗೆ ಕಾಣದ್ದನ್ನು ಕಂಡು, ಅಳೆದು ಹೇಳುವ ಮಷೀನು ಅಲ್ಲಿದೆ. ನಾವು ಹೋದರೆ ತಾನೆ ಅದು ಹೇಳುವುದು?

ನಮ್ಮ ಮನೆಗೂ ಬನ್ನಿ. ಪಂಚಶೀಲಾ ಮತ್ತೆ ಮಷೀನಿನ ಮುಂದೆ ಕೂರುತ್ತಾಳೆ, ಆದರೆ ಮೊದಲಿನಷ್ಟು ಕುಪ್ಪಸ ಆಗುವುದಿಲ್ಲ. ಬೆಳಿಗ್ಗೆ ಅವಳು ಸೂಜಿ ಹಿಡಿಯುತ್ತಾಳೆ, ನಾನು ದಾರ ತೂರಿಸಲು ನೋಡುತ್ತೇನೆ. ಇಬ್ಬರೂ ಸೇರಿದರೆ ಹತ್ತರಲ್ಲಿ ಮೂರು ಆಗುತ್ತವೆ. ಬನ್ನಿ, ಚಹಾ ಕುಡಿಯಿರಿ, ಕೌದಿ ನೋಡಿ, ಕೂತು ಮಾತಾಡಿ. ಕಣ್ಣು ತೋರಿಸಲು ಮಾತ್ರ ನನ್ನ ಹತ್ತಿರ ಬರಬೇಡಿ.