ಹೆಲ್ಸಿಂಕಿಯ ತೂತಿನ ರೊಟ್ಟಿ

"ತೂತು ಬಿದ್ದ ರೊಟ್ಟಿ ನಾ ನಾಯಿಗೆ ಹಾಕ್ತೀನ್ರಿ. ಬೇಕಂತ ತೂತು ಮಾಡಿ ಮನಷ್ಯಾಗ ಹಾಕು ಅಂತೀರಲ್ಲ, ನನ್ನ ಕೈಗೆ ರೋಗ ಬಂದೈತೇನು?"

ಇಷ್ಟು ಹೇಳಿ ಬಂಡೆಮ್ಮ ಪರಾತದೊಳಗಿನ ಹಿಟ್ಟಿಗೆ ಒಂದು ಗುದ್ದು ಕೊಟ್ಟಳು.

"ಒಂದ್ ತೂತು ಮಾಡಿದ್ರ ನಿನ್ನ ಗಂಟೇನು ಹೋಗತೈತಿ?" ಎಂದ ಭೀಮಾಶಂಕರ.

ಗಂಟು ಹೋಗುವುದು ತನ್ನದೇ ಎಂದು ಅವನಿಗೆ ಗೊತ್ತಿತ್ತು. ತೆಲುಗು ನಾಡಿನ ಕೂಕಟ್‌ಪಲ್ಲಿಯಲ್ಲಿ ಅವನು ಖಾನಾವಳಿ ತೆರೆದಾಗಿನಿಂದ, ಆರು ವರ್ಷ, ಬಂಡೆಮ್ಮ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದಳು. ಜೇವರ್ಗಿ ಕಡೆಯ ಗಾರೆ ಕೆಲಸದವರಿಂದ ಹಿಡಿದು ಕಂಪ್ಯೂಟರ್ ಹುಡುಗರ ತನಕ ಎಲ್ಲರೂ ಬರುತ್ತಿದ್ದುದು ಅವಳ ಕೈಗಾಗಿ, ಇವನ ಮುಖ ನೋಡಲಿಕ್ಕಲ್ಲ. ಅವಳು ಹೋದರೆ ಖಾನಾವಳಿ ಮುಚ್ಚಬೇಕು. ಗೊತ್ತಿದ್ದೂ ಬಾಯಿ ಸುಮ್ಮನಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮೂರನೆಯ ಮೇಜಿನ ಚಂದ್ರಕಾಂತ. ಮೈಸೂರಿನ ಹುಡುಗ. ಸಾಫ್ಟ್‌ವೇರ್ ಕಂಪನಿಯಲ್ಲಿ ಅವನ ಕೆಲಸ ತಪ್ಪು ಹುಡುಕುವುದು. ಬೇರೆಯವರು ಮಾಡಿದ್ದನ್ನು ಇವನು ಒತ್ತಿ, ಎಳೆದು, ಕೆಡಿಸಿ ನೋಡಿ 'ಪಾಸ್' ಎಂದು ಬರೆದರೆ ಮಾತ್ರ ಅದು ಆಫೀಸಿನಿಂದ ಹೊರಗೆ ಹೋಗುತ್ತಿತ್ತು. ಭಾನುವಾರ ಅವನೇ ಮೂರು ತಿಂಗಳ ಮಟ್ಟಿಗೆ ಫಿನ್‌ಲ್ಯಾಂಡಿಗೆ ಹೊರಟಿದ್ದ. ತನ್ನ ಹೊಟ್ಟೆಯನ್ನು ಪರೀಕ್ಷೆ ಮಾಡದೆ ಹೊರಗೆ ಕಳಿಸುವುದು ಹೇಗೆ?

ಇಂಟರ್ನೆಟ್ ಸೆಂಟರಿನಲ್ಲಿ ಕೂತು ಹೆಲ್ಸಿಂಕಿಯ ಹೋಟೆಲುಗಳ ಬಗ್ಗೆ ಎಪ್ಪತ್ತು ಹಾಳೆ ಪ್ರಿಂಟ್ ತೆಗೆಸಿದ್ದ. ಯಾವ ಬೀದಿಯಲ್ಲಿ ಸಸ್ಯಾಹಾರ ಸಿಗುತ್ತದೆ, ಯಾವುದು ಎಷ್ಟು ಗಂಟೆಗೆ ಮುಚ್ಚುತ್ತದೆ, ಎಲ್ಲ ಬಾಯಿಪಾಠ. ಅಲ್ಲಿಯ ಊಟ, ಅಲ್ಲಿಯ ರೀತಿ ಎಲ್ಲವನ್ನೂ ಇದೇ ಖಾನಾವಳಿಯಲ್ಲಿ ಮಾಡಿಸಿ ನೋಡಿಯೇ ಹೊರಡುವುದೆಂದು ಹಟ ಹಿಡಿದಿದ್ದ. ಅಲ್ಲಿ ಗುರುವಾರ ಬಟಾಣಿ ಸಾರಂತೆ. ಭೀಮಾಶಂಕರ ಹಲ್ಲು ಕಚ್ಚಿಕೊಂಡು ಖಾರವಿಲ್ಲದೆ ಬಟಾಣಿ ಬೇಯಿಸಿದ. ಅಲ್ಲಿಯವರು ಹೆಚ್ಚು ಮಾತಾಡುವುದಿಲ್ಲವಂತೆ. ಬಡಿಸುವಾಗ ಇನ್ನೊಂಚೂರು ಹಾಕಲೇ ಎಂದು ಕೇಳುವುದನ್ನೂ ಬಿಟ್ಟ. ಅಲ್ಲಿ ಮೇಜನ್ನು ಮೊದಲೇ ಕಾದಿರಿಸಬೇಕಂತೆ. ಚಂದ್ರಕಾಂತ ಮೂರನೆಯ ಮೇಜಿನಲ್ಲಿ ಕೂತೇ ಮೊಬೈಲಿನಿಂದ ಗಲ್ಲಾಪೆಟ್ಟಿಗೆಯ ಪಕ್ಕದ ಫೋನಿಗೆ ಕರೆ ಮಾಡಿ ಮೂರನೆಯ ಮೇಜು ಕೇಳುತ್ತಿದ್ದ. ಎಂಟಡಿ ಆಚೆ ಭೀಮಾಶಂಕರ ಫೋನೆತ್ತಿ, ಕತ್ತು ಚಾಚಿ ನೋಡಿ, ಅಲ್ಲಿ ಯಾರೋ ಕೂತಿದ್ದಾರೆ ಎನ್ನುತ್ತಿದ್ದ. ಹುಡುಗ ಎದ್ದು ಹೊರಗೆ ನಿಂತು ಕಾಯುತ್ತಿದ್ದ.

ಆಫೀಸಿನ ಮೂವತ್ತು ಹುಡುಗರಿಗೆ ಈ ಊಟದ ರುಚಿ ಹಚ್ಚಿದವನೇ ಅವನು. ಹಾಗಾಗಿ ಭೀಮಾಶಂಕರ ಎಲ್ಲವನ್ನೂ ನುಂಗಿಕೊಂಡಿದ್ದ.

ಉಳಿದದ್ದು ರೊಟ್ಟಿಯೊಂದೇ. ಆ ದೇಶದ ರೊಟ್ಟಿ ಕಪ್ಪು, ಗಟ್ಟಿ, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಇದೇನು ದೊಡ್ಡ ಮಾತೆಂದು ಬಂಡೆಮ್ಮ ತಾನು ಒಣಗಿಸಿಟ್ಟ ಗರಿಗರಿ ಕಟಕ ರೊಟ್ಟಿ ತಂದಿಟ್ಟಳು. ಹುಡುಗ ಮುರಿದ, ಅಗಿದ, ಹಾಳೆಯ ಚಿತ್ರದ ಪಕ್ಕ ಹಿಡಿದು ನೋಡಿದ, ಚೀಟಿ ಬರೆದ. 'ರುಚಿ ಪಾಸ್. ಸದ್ದು ಪಾಸ್. ನಡುವೆ ತೂತಿಲ್ಲ. ಫೇಲ್.' ಅಲ್ಲಿಯವರು ರೊಟ್ಟಿಯ ನಡುವೆ ತೂತು ಮಾಡಿ, ಕೋಲಿಗೆ ಪೋಣಿಸಿ ಸೂರಿಗೆ ತೂಗುಹಾಕುತ್ತಿದ್ದರಂತೆ.

ಜಗಳ ಹತ್ತಿದ್ದು ಆಗ.

"ಹೆಣ್ಣು ನೋಡಾಕ ಬಂದಾಗ ನಮ್ಮತ್ತಿ ನನ್ನ ರೊಟ್ಟಿ ಬಿಸಿಲಿಗೆ ಹಿಡಿದು ನೋಡ್ಯಾಳ," ಎಂದಳು ಬಂಡೆಮ್ಮ. "ಸಾಸಿವಿಯಷ್ಟು ಬೆಳಕು ಕಾಣಲಿಲ್ಲ, ಅದಕ್ಕ ಹೂಂ ಅಂದ್ಳು. ಈಗ ಈ ಹುಡುಗ ನನ್ನ ಫೇಲ್ ಮಾಡ್ತಾನ?"

"ಬೇಜಾರ್ ಮಾಡ್ಕೋಬೇಡಿ ಬಂಡೆಮ್ಮೋರೆ," ಎಂದ ಚಂದ್ರಕಾಂತ. "ತೂತಿಲ್ದೆ ನಾನು ಪಾಸ್ ಹಾಕಕ್ಕಾಗಲ್ಲ. ಪಾಸ್ ಆಗ್ದೆ ಫ್ಲೈಟ್ ಹತ್ತಕ್ಕಾಗಲ್ಲ."

ಭೀಮಾಶಂಕರನ ತಲೆ ಕೆಟ್ಟಿತು. ಹುಡುಗನ ಕಪಾಳಕ್ಕೆ ಬಿಡಬೇಕಾದ ಕೈ ಹಂಚಿನ ಕಡೆ ಹೋಯಿತು. ಬೇಯುತ್ತಿದ್ದ ರೊಟ್ಟಿ ಎಳೆದು ಕಲ್ಲಿನ ಮೇಲೆ ಹಾಕಿ, ಸ್ಟೀಲಿನ ಲೋಟ ಬೋರಲಿಟ್ಟು ಮೈಭಾರ ಬಿಟ್ಟು ಒತ್ತಿದ. ನಟ್ಟನಡುವೆ ದುಂಡಗಿನ ತೂತು ಬಿತ್ತು. ಚಂದ್ರಕಾಂತ ರೊಟ್ಟಿ ಎತ್ತಿ, ತೂತಿನಲ್ಲಿ ಒಂದು ಕಣ್ಣಿಟ್ಟು ಬಂಡೆಮ್ಮನನ್ನು ನೋಡಿ, 'ಪಾಸ್' ಎಂದು ಬರೆದ.

ಬಂಡೆಮ್ಮ ಕೈಗೆ ಹತ್ತಿದ್ದ ಹಿಟ್ಟನ್ನು ತಿಕ್ಕಿ ಪರಾತಕ್ಕೇ ಉದುರಿಸಿ, ಒಲೆ ಆರಿಸಿದಳು.

"ಅದು ನನ್ನ ರೊಟ್ಟಿ ಇತ್ರಿ, ಮಾಲಕ್ರ."

ಸೆರಗು ಹೊದ್ದು ಬಸ್ ಸ್ಟಾಪಿನ ಕಡೆ ನಡೆದಳು. ಚಹಾ ಕುಡಿದು ಸಿಟ್ಟು ಇಳಿದ ಮೇಲೆ ಬರುತ್ತಾಳೆಂದು ಭೀಮಾಶಂಕರ ಒಲೆ ಮತ್ತೆ ಹೊತ್ತಿಸಿ ಹಂಚು ಬಿಸಿಯಾಗಿಯೇ ಇಟ್ಟ. ಮರುದಿನವೂ ಕಾಯಿಸಿಟ್ಟ. ನಾಲ್ಕನೆಯ ದಿನ ಅವಳ ಬಾಡಿಗೆ ಖೋಲಿಗೆ ಹೋಗಿ ನೋಡಿದರೆ, ಅಲ್ಲಿ ಆಗಲೇ ಬೇರೆ ಸಂಸಾರವಿತ್ತು.